ಊಟ ಆದ ಮೇಲೆ

ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಹಾಗೂ ಜಗಳೂರು ತಾಲೂಕುಗಳ ಸಮಸ್ತ ಬಸ್ ಪ್ರಯಾಣಿಕರ ಆದ್ಯ ಗಮನಕ್ಕೆ ತರಬಯಸುವುದೇನೆಂದರೆ, ಶ್ರಾವಣದ ಮೊದಲ ಸೋಮವಾರದಿಂದ ಜಾರಿಗೆ ಬರುವಂತೆ ಡ್ರೈವರ್ ಮಲ್ಲೇಶಪ್ಪನವರು ಬೆಳಗಿನ ತಿಂಡಿಯನ್ನೂ ರಾತ್ರಿಯ ಊಟವನ್ನೂ ತ್ಯಜಿಸಿರುತ್ತಾರೆ. ಮಧ್ಯಾಹ್ನದ ಮುದ್ದೆ ಎಂದಿನಂತೆ ಮುಂದುವರಿಯಲಿದೆ. ಸಾರ್ವಜನಿಕರು ಸಹಕರಿಸಬೇಕು.

ಸಾರ್ವಜನಿಕರು ಸಹಕರಿಸಲಿಲ್ಲ. ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದವರೆಲ್ಲ ಬೆಳಗ್ಗೆ "ತಿಂಡಿ ಆತಾ?" ಅಂತಲೂ ಕತ್ತಲಾದ ಮೇಲೆ "ಊಟ ಆತಾ?" ಅಂತಲೂ ಕೇಳುವುದನ್ನು ನಿಲ್ಲಿಸಲಿಲ್ಲ. ಕೇಳಿದವರಿಗೆಲ್ಲ ಮಲ್ಲೇಶಪ್ಪ ಒಂದೇ ಉತ್ತರ ಕೊಡುತ್ತಿದ್ದ: "ಒಪ್ಪತ್ತು ಕಣಪ್ಪ."

ದಿನಕ್ಕೆ ಒಂದೇ ಹೊತ್ತು ಉಣ್ಣುವ ಹರಕೆ ಅದು. ಶ್ರಾವಣದಲ್ಲಿ ಸೋಮವಾರಕ್ಕೊಮ್ಮೆ ಒಪ್ಪತ್ತು ಇರುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ವಾರದ ಅಷ್ಟೂ ದಿನ ಇರುವವನು ಇವನೊಬ್ಬನೇ.

"ಯಾಕಣ್ಣ, ಸಂನ್ಯಾಸ ಏನಾರ ತಗಂತೀಯಾ?" ಎಂದು ಟೀ ಅಂಗಡಿಯ ಮಾರುತೇಶ ಕೇಳಿದ.

"ಇಲ್ಲಪ್ಪ. ಹಾರ್ಟಿನ ಒಳಗೆ ಸುಡ್ತಾರೆ. ಎರಡನೇ ಸಲ. ಅದಕ್ಕೆ ಅಕ್ಕ ಹರಕೆ ಹೊತ್ತಾಳೆ."

"ಹಾರ್ಟ್ ಸುಡೋದು ಸಾಲ್ದು ಅಂತ ಹೊಟ್ಟೇನೂ ಸುಡಾಕೆ ಹೇಳಿದ್ಲಾ?"

ಕೂತಿದ್ದವರು ನಕ್ಕರು. ಮಲ್ಲೇಶಪ್ಪನೂ ನಕ್ಕ. ಆಗ ಅವನಿಗೆ ನಗಲು ಧಾರಾಳ ಕಾರಣಗಳಿದ್ದವು.

ಈ ಮಲ್ಲೇಶಪ್ಪ ಹೊನ್ನಾಳಿಯ ಮುತ್ತುರಾಜ್ ಸಾಹುಕಾರರ ಬಸ್ ಓಡಿಸುತ್ತಿದ್ದವನು. ಸವಳಂಗದಿಂದ ನ್ಯಾಮತಿ, ನ್ಯಾಮತಿಯಿಂದ ಹೊನ್ನಾಳಿ. ತುಂಗಭದ್ರೆಯ ಸೇತುವೆಯ ಮೇಲೆ ಜನ್ಮದಲ್ಲಿ ಒಮ್ಮೆಯೂ ಓವರ್‌ಟೇಕ್ ಮಾಡಿದವನಲ್ಲ. ಟ್ರಾಫಿಕ್ ಸಿಗ್ನಲ್ಲೇ ಇಲ್ಲದ ಊರಿನಲ್ಲೂ ಸಿಗ್ನಲ್ ಇದ್ದಿದ್ದರೆ ನಿಲ್ಲಬೇಕಾಗುತ್ತಿದ್ದ ಜಾಗ ಎಂದು ನಿಧಾನ ಮಾಡುವ ಜಾತಿ. ಅವನ ಬಸ್ಸಿನಲ್ಲಿ ನಿಂತ ಮುದುಕಿಯೂ ಎಲೆಗೆ ಸುಣ್ಣ ಹಚ್ಚಿಕೊಳ್ಳಬಹುದಿತ್ತು, ಬೆರಳು ತಪ್ಪುತ್ತಿರಲಿಲ್ಲ.

ಎರಡು ವರ್ಷದ ಕೆಳಗೆ ಸವಳಂಗ ದಾಟುತ್ತಿದ್ದ ಹಾಗೆ ಅವನ ಎದೆಯೊಳಗೆ ಯಾರೋ ಕೋಳಿ ಬಿಟ್ಟ ಹಾಗಾಯಿತು. ಪಟಪಟ, ಪಟಪಟ, ಲೆಕ್ಕವಿಲ್ಲ, ಲಯವಿಲ್ಲ. ಕಣ್ಣು ಕತ್ತಲೆ ಬಂತು. ಮಲ್ಲೇಶಪ್ಪ ಇಂಡಿಕೇಟರ್ ಹಾಕಿದ. ಬಸ್ಸನ್ನು ಎಡಕ್ಕೆ ತೆಗೆದ. ಹ್ಯಾಂಡ್‌ಬ್ರೇಕ್ ಎಳೆದ. ಎಲ್ಲ ಮುಗಿದ ಮೇಲೆ, ಇನ್ನು ತನ್ನ ಸರದಿ ಎಂಬಂತೆ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಮೂರ್ಛೆ ಹೋದ. ಒಬ್ಬ ಪ್ರಯಾಣಿಕನಿಗೂ ಗೀರು ಬೀಳಲಿಲ್ಲ.

ಬಹುಮಾನವಾಗಿ ಮುತ್ತುರಾಜ್ ಅವನ ಕೈಯಿಂದ ಬಸ್ಸಿನ ಕೀಲಿ ಕಿತ್ತುಕೊಂಡರು.

"ಬಸ್ ನಿಲ್ಲಿಸಿದ್ದು ನೀನು ಮಲ್ಲೇಶಪ್ಪ, ಅದಕ್ಕೇ ನಿನ್ನನ್ನ ನಿಲ್ಲಿಸ್ತಾ ಇದೀನಿ" ಎಂದರು. ಮುತ್ತುರಾಜರ ಮಾತು ಯಾವತ್ತೂ ಮುತ್ತೇ. ಪೋಣಿಸಲು ದಾರ ಮಾತ್ರ ಇರುತ್ತಿರಲಿಲ್ಲ. "ಕೆಲಸದಿಂದ ತೆಗಿಯಲ್ಲ. ನ್ಯಾಮತಿ ಸ್ಟ್ಯಾಂಡಾಗೆ ನಿಂತ್ಕೊಂಡು ಜನ ಕರಿ."

ಹಾಗೆ ಬಸ್ ಓಡಿಸುತ್ತಿದ್ದವನು ಬಸ್ಸಿಗೆ ಜನರನ್ನು ಓಡಿಸುವವನಾದ. "ಹೊನ್ನಾಳಿ, ಹೊನ್ನಾಳಿ, ಬರ್ರಿ ಹೊನ್ನಾಳಿ!" ಅವನ ಸೀಟಿನಲ್ಲಿ ಕೆಂಚೇಶ ಕೂತ. ಕೆಂಚೇಶನಿಗೆ ಗೇರು ಹಾಕುವುದನ್ನು ಕಲಿಸಿದ್ದು ಇದೇ ಮಲ್ಲೇಶಪ್ಪ. ಬಸ್ಸು ಹೊರಡುವಾಗ ಮಲ್ಲೇಶಪ್ಪನ ಎಡಗಾಲು ನೆಲದ ಮೇಲೇ ಕ್ಲಚ್ ಒತ್ತುತ್ತಿತ್ತು. ಅದನ್ನು ಅವನೂ ಗಮನಿಸುತ್ತಿರಲಿಲ್ಲ, ಬೇರೆಯವರು ಗಮನಿಸಿದರೂ ಹೇಳುತ್ತಿರಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಹೃದಯದ ಲಯ ನೋಡುವ ಡಾಕ್ಟರು ಸಂಘಮಿತ್ರಾ. ಜಗಳೂರು ಕಡೆಯ ಹಳ್ಳಿಯವರು, ಹಾಗಾಗಿ ಅವರು ಹೇಳಿದ್ದು ಅರ್ಥವಾಗುತ್ತಿತ್ತು. ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಶನ್ ಎಂದರು. ಅದು ನ್ಯಾಮತಿ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಫೆಬ್ರವರಿ ಆಯಿತು.

"ಏನಣ್ಣ, ನಿನ್ನ ಫೆಬ್ರವರಿ ಹೆಂಗೈತೆ?"

"ಜುಲೈ ಬಂದ್ರೂ ಹೋಗವಲ್ದು ನೋಡಪ್ಪ."

ಅದಕ್ಕೆ ಮದ್ದು ಅಬ್ಲೇಶನ್. ತೊಡೆಸಂದಿಯ ರಕ್ತನಾಳದಿಂದ ತಂತಿ ಹಾಯಿಸಿ, ಹೃದಯದ ಮೇಲಿನ ಎಡ ಕೋಣೆಗೆ ಹೋಗಿ, ತುಂಟ ಕರೆಂಟು ನುಗ್ಗುವ ಬಾಗಿಲುಗಳ ಸುತ್ತ ಸುಟ್ಟು ಬೇಲಿ ಹಾಕುವುದು. ಹೋದ ವರ್ಷ ಒಮ್ಮೆ ಹಾಕಿದ್ದರು. ಲಯ ಭಾರೀ ಬಹುಮತದಿಂದ ಗೆದ್ದಿತ್ತು. ಮಲ್ಲೇಶಪ್ಪ ಮುಂದಿನ ವಾರವೇ ಸ್ಟೀರಿಂಗ್ ಹಿಡಿಯುವವನಂತೆ ಖಾಕಿ ಇಸ್ತ್ರಿ ಮಾಡಿಸಿಟ್ಟಿದ್ದ. ಯುಗಾದಿ ಹೊತ್ತಿಗೆ ಲಯ ಪಕ್ಷಾಂತರ ಮಾಡಿತು. ಎದೆಯಲ್ಲಿ ಮತ್ತೆ ಕೋಳಿ.

"ಹೊಲಕ್ಕೆ ಬದು ಹಾಕ್ತೀವಿ, ನೀರು ಎಲ್ಲೋ ಒಂದು ಕಡೆ ಸಂದಿ ಮಾಡ್ಕೊಂಡು ಹರೀತೈತಲ್ಲ, ಹಂಗೆ ಇದು" ಎಂದರು ಸಂಘಮಿತ್ರಾ. "ಸುಟ್ಟ ಗೆರೇಲಿ ಎಲ್ಲೋ ಸಂದಿ ಬಿಟ್ಟೈತೆ. ಸುಮಾರು ಜನಕ್ಕೆ ಎರಡನೇ ಸಲ ಬೇಕಾಗುತ್ತೆ. ನಿಮ್ಮ ತಪ್ಪಲ್ಲ, ನಮ್ಮದೂ ಅಲ್ಲ. ಗಣಪತಿ ಹಬ್ಬ ಆಗಲಿ, ಸಂದಿ ಹುಡುಕಿ ಮುಚ್ಚೋಣ. ಆಮೇಲೆ ಎರಡು ವಾರ ಸ್ಟೀರಿಂಗ್ ಮುಟ್ಟಂಗಿಲ್ಲ. ಎಲ್ಲಾ ಸರಿ ಇದ್ರೆ ನಾನೇ ಪತ್ರ ಕೊಡ್ತೀನಿ."

ಈ ಮರುಚುನಾವಣೆಯ ಸುದ್ದಿ ಹೊನ್ನಾಳಿಗೆ ಮುಟ್ಟಿದಾಗ ಮುತ್ತುರಾಜರ ತಲೆಯಲ್ಲಿ ಮಹಾಯೋಜನೆಯೊಂದು ಮೊಳೆಯಿತು. ಅವರು ಹೊಸ ಬಸ್ ತರಿಸುತ್ತಿದ್ದರು. ಚನ್ನಗಿರಿಯಿಂದ ಸಾಸ್ವೆಹಳ್ಳಿ, ಹೊನ್ನಾಳಿ ಮೇಲೆ ನ್ಯಾಮತಿಗೆ. ಆ ದಾರಿಯ ಹೆಂಗಸರು ಬಸ್ಸಿಗೆ ಕೈಯಡ್ಡ ಹಿಡಿದು ಮೊದಲು ಕೇಳುವುದೇ "ಯಾರು ಡ್ರೈವರು?" ಎಂದು. ಕೆಂಚೇಶ ಅಂದರೆ ಮುಂದಿನ ಬಸ್ಸಿಗೆ ಕಾಯುತ್ತಾರೆ. ಕೆಂಚೇಶನಿಗೆ ಹಂಪು ಕಂಡರೆ ಹುಮ್ಮಸ್ಸು.

ಮುತ್ತುರಾಜ್ ಮಲ್ಲೇಶಪ್ಪನನ್ನು ಕರೆಸಿ, ಎರಡನೇ ಕುರ್ಚಿ ತರಿಸಿ ಕೂರಿಸಿದರು. ಅದೇ ದೊಡ್ಡ ಸುದ್ದಿ.

"ನೋಡು ಮಲ್ಲೇಶಪ್ಪ, ಆಯುಧ ಪೂಜೆ ದಿನ ನ್ಯಾಮತಿ ಸ್ಟ್ಯಾಂಡಾಗೆ ಕಾರ್ಯಕ್ರಮ. ಮೈಕು, ಶಾಮಿಯಾನ, ನಾಕು ಜನ ಮುಖಂಡರು. ಹೊಸ ಬಸ್ಸು ನೀನೇ ಹೊರಡಿಸ್ಬೇಕು. ಆದ್ರೆ ಡಾಕ್ಟ್ರು ಪತ್ರ ಕೈಯಾಗಿರ್ಬೇಕು."

"ಇರ್ತೈತೆ ಸಾವ್ಕಾರ್ರೇ."

"ಇಲ್ದಿದ್ರೆ ಕೆಂಚೇಶ ಕೂರ್ತಾನೆ. ಆಮೇಲೆ ಬಂದು ಕೇಳಂಗಿಲ್ಲ. ನಮ್ಮಪ್ಪನ ಕಾಲದಿಂದ ಬಂದ ಶಾಸ್ತ್ರ ನಿಂಗೊತ್ತೈತಲ್ಲ?"

ಮಲ್ಲೇಶಪ್ಪನಿಗೆ ಗೊತ್ತಿತ್ತು. ಆ ಮನೆಯಲ್ಲಿ ಹೊಸ ಬಸ್ಸಿನ ಚಕ್ರದಡಿಯ ನಿಂಬೆಹಣ್ಣನ್ನು ಮೊದಲು ಯಾರು ಅಪ್ಪಚ್ಚಿ ಮಾಡುತ್ತಾರೋ, ಆ ಬಸ್ಸು ಗುಜರಿಗೆ ಹೋಗುವವರೆಗೂ ಅವರೇ ಅದರ ಡ್ರೈವರು. ಬದಲಾಯಿಸಿದರೆ ಬಸ್ಸಿಗೆ ಕೇಡು. ಮದುವೆಗಿಂತ ಗಟ್ಟಿ ಸಂಬಂಧ ಅದು. ಮದುವೆಯಲ್ಲಿ ಕನಿಷ್ಠ ನಿಂಬೆಹಣ್ಣು ಬದುಕುತ್ತದೆ.

ಗಣಪತಿ ಹಬ್ಬದ ಫ್ಲೆಕ್ಸ್ ಜತೆಗೇ ಮಾಡಿಸಿದರೆ ಸಸ್ತಾ ಎಂದು ಮುತ್ತುರಾಜ್ ಆಯುಧ ಪೂಜೆಯ ಫ್ಲೆಕ್ಸನ್ನೂ ಮುಂಚೆಯೇ ಮಾಡಿಸಿ ನ್ಯಾಮತಿ ಸ್ಟ್ಯಾಂಡಿಗೆ ಕಟ್ಟಿಸಿಬಿಟ್ಟರು. ಬಸ್ಸಿನಷ್ಟೇ ಅಗಲ. ಒಂದು ಕಡೆ ಮುತ್ತುರಾಜ್, ಕೈಮುಗಿದು. ಇನ್ನೊಂದು ಕಡೆ ಮಲ್ಲೇಶಪ್ಪ, ಯಾರದೋ ಕೋಟು ತೊಟ್ಟು. ನಡುವೆ ಕೆಂಪು ಹೃದಯ, ಅದಕ್ಕೆ ನಾಲ್ಕು ಚಕ್ರ. ಕೆಳಗೆ: "ಎರಡನೇ ಬಾರಿ ಹೃದಯ ಗೆದ್ದ ಹೃದಯವಂತ ಚಾಲಕನಿಗೆ ಹೃತ್ಪೂರ್ವಕ ಸ್ವಾಗತ."

ಹೃದಯ ಇನ್ನೂ ಒಂದೇ ಸಲ ಸುಟ್ಟಿತ್ತು. ಫ್ಲೆಕ್ಸಿನಲ್ಲಿ ಆಗಲೇ ಎರಡಾಗಿತ್ತು.

ಫ್ಲೆಕ್ಸಿನ ಫೋಟೋ ಜಗಳೂರಿಗೂ ಹೋಯಿತು. ಆದರೆ ಅಲ್ಲಿದ್ದ ಅಕ್ಕ ಉಡಚಮ್ಮ ಅದಕ್ಕೂ ಮೊದಲೇ, ಶ್ರಾವಣದ ಮೊದಲ ಸೋಮವಾರದ ಹಿಂದಿನ ದಿನ, ಮೂರು ಬಸ್ ಬದಲಿಸಿ ತಮ್ಮನ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಿದ್ದಳು.

"ಮೊದಲನೇ ಸಲ ಮನೆದೇವ್ರನ್ನ ಕೇಳ್ದೆ ಹೋದ್ರಿ. ಅದಕ್ಕೇ ತಿರುಗಿ ಬಂತು. ಈ ಸಲ ನಾನು ಹರಕೆ ಹೊತ್ತೀನಿ. ಆಪರೇಷನ್ ಗೆದ್ದು ಮನೆಗೆ ಬರೋವರ್ಗೂ ಒಪ್ಪತ್ತು."

"ಯಾರು ಇರೋದು ಅಕ್ಕಾ?" ಎಂದ ಮಲ್ಲೇಶಪ್ಪ.

"ಹಾರ್ಟ್ ಯಾರ್ದು?"

"ನಂದು."

"ಮತ್ತೆ?"

ಹೀಗೆ ಹೊತ್ತವಳು ಅಕ್ಕ, ಹೊತ್ತು ತಪ್ಪಿಸಬೇಕಾದವನು ತಮ್ಮ ಎಂದು ತೀರ್ಮಾನವಾಯಿತು. ಮಲ್ಲೇಶಪ್ಪ ಒಪ್ಪಿಕೊಂಡ. ಸ್ಟೀರಿಂಗ್ ಸಿಗುವುದಾದರೆ ಒಂದು ಹೊತ್ತೂ ಉಣ್ಣದಿರಲು ಅವನು ತಯಾರಿದ್ದ.

ಮೊದಲ ದಿನ ಮುಸ್ಸಂಜೆ ಅವನ ಹೆಂಡತಿ ಹುಲಿಗೆಮ್ಮ ಗುಳಿಗೆಯ ಕವರು ಹಿಡಿದು ನಿಂತಳು. ರಕ್ತ ಹೆಪ್ಪುಗಟ್ಟದ ಹಾಗೆ ತೆಳ್ಳಗಿಡುವ ಗುಳಿಗೆ. ಬೆಳಗ್ಗೆ ಒಂದು, ರಾತ್ರಿ ಒಂದು. ಡಾಕ್ಟರು ಹೋದ ಸಲವೂ, ಈ ಸಲವೂ ಒತ್ತಿ ಹೇಳಿದ್ದರು: ಬಿಡಬಾರದು. ಮೆಡಿಕಲ್ ಶಾಪಿನವನು ಕವರು ಕೊಡುವಾಗಲೆಲ್ಲ, ತಲೆಯೆತ್ತದೆ, ಮಂತ್ರದಂತೆ ಹೇಳುತ್ತಿದ್ದ: "ಊಟ ಆದ್ಮೇಲೆ, ಊಟ ಆದ್ಮೇಲೆ."

"ಏನ್ರೀ, ಬೆಳಿಗ್ಗೆ ತಿಂಡಿ ಇಲ್ಲ, ರಾತ್ರಿ ಊಟ ಇಲ್ಲ. ಈ ಗುಳಿಗೆ ಯಾವಾಗ ಕೊಡ್ಲಿ?"

"ಮಧ್ಯಾಹ್ನ ಉಂಡ್ನಲ್ಲ, ಅವಾಗ ಒಂದು ನುಂಗಿದೀನಿ."

"ಇನ್ನೊಂದು?"

ಮಲ್ಲೇಶಪ್ಪ ಯೋಚಿಸಿದ. ಅವನಿಗೆ ನಿಯಮ ಮೀರಿ ಗೊತ್ತಿರಲಿಲ್ಲ. "ಎರಡೂ ಒಟ್ಟಿಗೆ ನುಂಗಿದ್ರೆ?"

"ಬ್ಯಾಡ್ರೀ! ರಕ್ತ ಮಜ್ಜಿಗೆ ಆಗಿಬಿಟ್ರೆ? ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳಾಣ."

ಒಳಗಿನಿಂದ ಉಡಚಮ್ಮನ ದನಿ ಬಂತು. "ಏನಂತ ಕೇಳ್ತೀಯಮ್ಮ? ದೇವ್ರ ಕಾರ್ಯ ಮಾಡ್ಲಾ ಬ್ಯಾಡ್ವಾ ಅಂತಾನಾ? ಊಟ ಆದ ಮೇಲೆ ಅಂದಾರೋ ಇಲ್ವೋ?"

"ಅಂದಾರೆ ಅಕ್ಕಾ."

"ಊಟನೇ ಇಲ್ಲ ಅಂದ ಮೇಲೆ, ಊಟ ಆದ ಮೇಲೆ ಎಲ್ಲಿಂದ ಬಂತು? ಒಂದೂಟಕ್ಕೆ ಒಂದು ಗುಳಿಗೆ. ಬರೋಬ್ಬರಿ ಲೆಕ್ಕ."

ಲೆಕ್ಕ ಎಷ್ಟು ಬರೋಬ್ಬರಿಯಾಗಿತ್ತೆಂದರೆ ಮೂವರೂ ನೆಮ್ಮದಿಯಿಂದ ಮಲಗಿದರು. ಅಂದಿನಿಂದ ಮಲ್ಲೇಶಪ್ಪ ಮಧ್ಯಾಹ್ನದ ಮುದ್ದೆ ಮುಗಿಸಿ, ಕೈ ತೊಳೆದು, ಪೂರ್ವಕ್ಕೆ ತಿರುಗಿ ಗುಳಿಗೆ ನುಂಗುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಇಡೀ ಜಿಲ್ಲೆಯಲ್ಲಿ ಅಷ್ಟು ವಿಧೇಯ ರೋಗಿ ಇನ್ನೊಬ್ಬ ಇದ್ದಿರಲಾರ. ಶ್ರಾವಣ ಮುಗಿಯಿತು. ಗಣಪ ಕೂತ, ಎದ್ದ, ಮುಳುಗಿದ. ಮಲ್ಲೇಶಪ್ಪನ ಸೊಂಟದ ಬೆಲ್ಟು ಎರಡು ತೂತು ಒಳಗೆ ಹೋಯಿತು. ಕನ್ನಡಿಯಲ್ಲಿ ನೋಡಿಕೊಂಡು, ಫ್ಲೆಕ್ಸಿನ ಕೋಟು ಈಗ ತನಗೇ ಆಗುತ್ತದೆ ಎಂದುಕೊಂಡ.

ಅಬ್ಲೇಶನ್ ದಿನ ದಾವಣಗೆರೆಗೆ ಮೂವರೂ ಹೋದರು. ಉಡಚಮ್ಮನ ಸೆರಗಿನ ತುದಿಯಲ್ಲಿ ಮನೆದೇವರ ವಿಭೂತಿ ಗಂಟು. ಮಲ್ಲೇಶಪ್ಪನ ಬ್ಯಾಗಿನಲ್ಲಿ ಇಸ್ತ್ರಿ ಮಾಡಿದ ಖಾಕಿ. ಆಸ್ಪತ್ರೆಗೆ ಯಾಕೆ ಎಂದು ಹುಲಿಗೆಮ್ಮ ಕೇಳಿರಲಿಲ್ಲ.

ತಂತಿ ಬಿಡುವ ಮೊದಲು ಒಂದು ಪರೀಕ್ಷೆ ಇರುತ್ತದೆ. ಗಂಟಲಿನಿಂದ ಪೈಪು ಇಳಿಸಿ ಹೃದಯವನ್ನು ಹಿಂದಿನಿಂದ ಇಣುಕಿ ನೋಡುವುದು. ಹೋದ ಸಲವೂ ಮಾಡಿದ್ದರು, ಬೇಗ ಮುಗಿದಿತ್ತು. ಈ ಸಲ ಸಂಘಮಿತ್ರಾ ಪರದೆಯನ್ನು ಬಹಳ ಹೊತ್ತು ನೋಡಿದರು. ಮಲ್ಲೇಶಪ್ಪನ ಮಂಪರು ಇಳಿದ ಮೇಲೆ ಬಂದು ಮಂಚದ ಪಕ್ಕ ನಿಂತರು. ಹೆಂಗಸರಿಬ್ಬರೂ ಅಲ್ಲೇ ಇದ್ದರು.

"ಮಲ್ಲೇಶಪ್ಪಾರೇ, ರಕ್ತದ ಗುಳಿಗೆ ಬಿಟ್ಟಿದ್ರಾ?"

"ಇಲ್ಲ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ."

"ಎರಡು ಹೊತ್ತೂ?"

"ನೀವು ಹೇಳ್ದಂಗೆ ಮೇಡಂ, ಊಟ ಆದ ಮೇಲೆ."

"ಅದು ಸರಿ. ಎರಡು ಹೊತ್ತೂ ತಗಂಡ್ರಾ?"

ಮಲ್ಲೇಶಪ್ಪ ಅಕ್ಕನ ಕಡೆ ನೋಡಿದ. ಅಕ್ಕ ಹೆಮ್ಮೆಯಿಂದಲೇ ಹೇಳಿದಳು: "ನಮ್ಮ ತಮ್ಮ ಒಪ್ಪತ್ತು ಐದಾನೆ ತಾಯಿ. ನಿಮ್ಮ ಕೈಗುಣ ಚೆನ್ನಾಗಿರ್ಲಿ ಅಂತ."

ಸಂಘಮಿತ್ರಾ ಜಗಳೂರಿನವರು. ಬೇರೆ ಊರಿನ ಡಾಕ್ಟರಿಗೆ ಅರ್ಧ ಗಂಟೆ ಬೇಕಾಗುತ್ತಿದ್ದ ಲೆಕ್ಕ ಅವರಿಗೆ ಆ ಒಂದು ಮಾತಿಗೇ ಅರ್ಥವಾಯಿತು. ಸ್ಟೂಲು ಎಳೆದುಕೊಂಡು ಕೂತರು.

"ಮೇಲಿನ ಎಡ ಕೋಣೆ ಮೂಲ್ಯಾಗೆ ಒಂದು ಸಣ್ಣ ಚೀಲದಂಗೆ ಇರುತ್ತೆ. ಅದರೊಳಗೆ ರಕ್ತ ಹೆಪ್ಪುಗಟ್ಟೈತೆ. ನಾನೀಗ ತಂತಿ ಬಿಟ್ರೆ, ಅದು ಕಿತ್ಕೊಂಡು ತಲೆಗೆ ಹೋದ್ರೆ, ಲಕ್ವ ಹೊಡೀತೈತೆ. ಇವತ್ತು ಮಾಡಾಕೆ ಆಗಲ್ಲ."

"ನಾಳೆ?" ಎಂದ ಮಲ್ಲೇಶಪ್ಪ.

"ನಾಳೆನೂ ಇಲ್ಲ. ಎರಡು ಹೊತ್ತೂ ಗುಳಿಗೆ ತಗಂಡು, ಕೆಲವು ವಾರ ಬಿಟ್ಟು, ಮತ್ತೆ ಪೈಪು ಹಾಕಿ ನೋಡ್ಬೇಕು. ಕರಗಿದ್ರೆ ಮಾಡಾಣ."

"ಆಯುಧ ಪೂಜೆ..."

"ದೀಪಾವಳಿ ದಾಟಬಹುದು."

ಹುಲಿಗೆಮ್ಮ ಕೇಳಿದಳು. "ಖಾಲಿ ಹೊಟ್ಯಾಗೆ ಆ ಗುಳಿಗೆ ಕೊಟ್ಟಿದ್ರೆ ಏನಾಗ್ತಿತ್ತು ಮೇಡಂ?"

"ಏನೂ ಆಗ್ತಿರ್ಲಿಲ್ಲಮ್ಮ. ಈ ಗುಳಿಗೆಗೆ ಊಟ ಬೇಕಂತಲೇ ಇಲ್ಲ. ಉಂಡ್ರೂ ನಡೀತೈತೆ, ಉಣ್ಣದಿದ್ರೂ ನಡೀತೈತೆ."

"ಮತ್ತೆ ಊಟ ಆದ ಮೇಲೆ ಅಂತ ಯಾಕೆ ಹೇಳ್ತಾರೆ?"

"ಎಲ್ಲಾ ಗುಳಿಗೆಗೂ ಹಂಗೇ ಹೇಳ್ತಾರೆ. ರೂಢಿ." ಸಂಘಮಿತ್ರಾ ಕೊರಳಿನ ಸ್ಟೆಥಾಸ್ಕೋಪು ತೆಗೆದು ಮಡಿಲಲ್ಲಿಟ್ಟುಕೊಂಡರು. "ಬಿಡಬ್ಯಾಡ್ರಿ ಅಂತ ಹೇಳಿದೆ. ಉಪವಾಸ ಏನಾರ ಮಾಡ್ತೀರಾ ಅಂತ ನಾನೂ ಕೇಳ್ಲಿಲ್ಲ. ಶ್ರಾವಣ ಅಂತ ನಂಗೂ ಗೊತ್ತಿತ್ತು."

ಮಲ್ಲೇಶಪ್ಪ ಎದ್ದು ಕೂತ. ದನಿ ಗಂಟಲಿನ ಪೈಪಿನಿಂದ ಗೊಗ್ಗರಾಗಿತ್ತು. "ಮೇಡಂ, ಆಪರೇಷನ್ ಆಮೇಲೆ ಮಾಡ್ರಿ. ಪತ್ರ ಮಾತ್ರ ಈಗ ಕೊಟ್ಬಿಡ್ರಿ. ಒಂದು ದಿನಕ್ಕೆ. ನಿಂಬೆಹಣ್ಣು ಹತ್ತಿಸಿ ಇಳಿದುಬಿಡ್ತೀನಿ. ಒಂದು ಗಾಲಿ ಸುತ್ತು ಅಷ್ಟೇ."

"ಅವತ್ತು ಸವಳಂಗದ ಹತ್ರ ಬಸ್ ಯಾಕೆ ನಿಲ್ಲಿಸಿದ್ರಿ?"

"ಒಳಗೆ ಜನ ಇದ್ರು."

"ಪೂಜೆ ದಿನ ಗಾಲಿ ಮುಂದೆ ಜನ ಇರ್ತಾರೆ."

ಮಲ್ಲೇಶಪ್ಪ ಬ್ಯಾಗನ್ನು ಮಂಚದ ಅಡಿಗೆ ಕಾಲಿನಿಂದ ತಳ್ಳಿದ. ಖಾಕಿಯ ಇಸ್ತ್ರಿ ಮುರಿಯಿತು.

ಡಾಕ್ಟರು ಹೋದ ಮೇಲೆ ಉಡಚಮ್ಮ ವಿಭೂತಿ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿ, ಕೊನೆಗೆ ಬಾಯಿ ಬಿಟ್ಟಳು. "ಆದ್ರೂ ಹರಕೆ ಈಗ ಬಿಡಂಗಿಲ್ಲ ಕಣೋ. ಆಪರೇಷನ್ ಗೆದ್ದು ಬರೋವರ್ಗೂ ಅಂತ ಹೊತ್ತಿದ್ದು. ಆಪರೇಷನ್ನೇ ಆಗ್ಲಿಲ್ಲ ಅಂದ್ರೆ ಮುಗಿದಂಗೆ ಹೆಂಗಾಗ್ತೈತೆ?"

ಮದುವೆಯಾಗಿ ಬಂದಾಗಿನಿಂದ ಗಂಡನ ಅಕ್ಕನಿಗೆ ಎದುರಾಡದ ಹುಲಿಗೆಮ್ಮ ಅಂದು ತಿರುಗಿ ನಿಂತಳು. "ಅಕ್ಕಾ, ಹರಕೆ ಹೊತ್ತೋರು ನೀವು. ನೀವು ಎಷ್ಟು ದಿನ ಒಪ್ಪತ್ತು ಇದ್ರಿ?"

"ನಾನಾ? ನಂಗೆ ಶುಗರ್ ಐತಲ್ಲಮ್ಮ. ಹೊತ್ತೊತ್ತಿಗೆ ಉಣ್ಲಿಲ್ಲ ಅಂದ್ರೆ ಗುಳಿಗೆ ಹಿಡಿಯಂಗಿಲ್ಲ ಅಂದಾರೆ ಡಾಕ್ಟ್ರು."

ಹುಲಿಗೆಮ್ಮ ನೆಟ್ಟಗೆ ಕ್ಯಾಂಟೀನಿಗೆ ನಡೆದಳು. ಅನ್ನ, ಸಾರು ತಂದು ಗಂಡನ ಮುಂದಿಟ್ಟು, ಅವನು ತುತ್ತು ನುಂಗುವವರೆಗೂ ಅಲ್ಲಿಂದ ಕದಲಲಿಲ್ಲ. ಉಡಚಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು.

ಆಯುಧ ಪೂಜೆಯ ದಿನ ನ್ಯಾಮತಿ ಸ್ಟ್ಯಾಂಡಿನಲ್ಲಿ ಮೈಕಿತ್ತು, ಶಾಮಿಯಾನವಿತ್ತು, ನಾಲ್ವರು ಮುಖಂಡರೂ ಇದ್ದರು. ಬಾಳೆಕಂದು ಕಟ್ಟಿಕೊಂಡ ಹೊಸ ಬಸ್ಸು ಮದುಮಗಳಂತೆ ನಿಂತಿತ್ತು. ಫ್ಲೆಕ್ಸ್ ಮಾತ್ರ ಹಳೆಯದೇ. ಹೊಸದು ದಂಡ ಎಂದು ಮುತ್ತುರಾಜ್ ಮಲ್ಲೇಶಪ್ಪನ ಕೊರಳಿನಿಂದ ಮೇಲಕ್ಕೆ ಕೆಂಚೇಶನ ಮುಖ ಅಂಟಿಸಿದ್ದರು. ಕೆಳಗಿನ ಬರಹ ಹಾಗೇ ಇತ್ತು. ಕಲ್ಲುಗುಂಡಿನಂಥ ಎದೆಯ ಕೆಂಚೇಶ ಹೀಗಾಗಿ ಎರಡನೇ ಬಾರಿ ಹೃದಯ ಗೆದ್ದ ಚಾಲಕನಾದ.

ಮುತ್ತುರಾಜ್ ಮೈಕಿನಲ್ಲಿ "ನಮ್ಮ ಸಂಸ್ಥೆಗೆ ಮೊದಲು ಹೃದಯ, ಆಮೇಲೆ ಹಣ" ಎಂದರು. ಜನ ಚಪ್ಪಾಳೆ ತಟ್ಟಿದರು. ಕೆಂಚೇಶ ಹತ್ತಿ ಕೂತ. ಎರಡು ಸಲ ಗೇರು ಕರಕರ ಅಂದಿತು. ಜನರ ಹಿಂದೆ, ಕಂಬದ ಪಕ್ಕ ನಿಂತಿದ್ದ ಮಲ್ಲೇಶಪ್ಪನ ಎಡಗಾಲು ನೆಲವನ್ನು ಒತ್ತಿತು, ನಿಧಾನಕ್ಕೆ ಬಿಟ್ಟಿತು. ಬಸ್ಸು ಮುಂದಕ್ಕೆ ಹಾರಿತು. ನಿಂಬೆಹಣ್ಣು ಪಚ್ ಎಂದಿತು.

ಮುಗಿಯಿತು.

ಬಸ್ಸನ್ನು ಒಂದು ಸುತ್ತು ತಂದು ನಿಲ್ಲಿಸಿದ ಕೆಂಚೇಶ ಗುರುವನ್ನು ಹುಡುಕಿಕೊಂಡು ಕಂಬದ ಹತ್ತಿರ ಬಂದ. ಹಣೆಯ ಬೆವರು ಒರೆಸಿಕೊಂಡು, ಇಡೀ ತಾಲೂಕು ದಿನಕ್ಕೆ ನೂರು ಸಲ ಕೇಳುವುದನ್ನೇ ಕೇಳಿದ.

"ಅಣ್ಣಾ, ಊಟ ಆತಾ?"

ಮಲ್ಲೇಶಪ್ಪ ಅಂಗಿ ಜೇಬು ಮುಟ್ಟಿ ನೋಡಿಕೊಂಡ.

"ಊಟ ಆಗಿಲ್ಲಪ್ಪ. ಗುಳಿಗೆ ಆತು" ಎಂದ. ಆಮೇಲೆ ಹೊಸ ಬಸ್ಸಿನ ಬಾಗಿಲಿಗೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಕೂಗತೊಡಗಿದ.

"ಹೊನ್ನಾಳಿ, ಸಾಸ್ವೆಹಳ್ಳಿ, ಚನ್ನಗಿರಿ! ಬರ್ರಿ, ಬರ್ರಿ, ಖಾಲಿ ಐತೆ!"